ಬಿಸಿಲೂ ಮೈದೊಗಲೂ

ನಮ್ಮ ಕನ್ನಡದಲ್ಲಿ ಸೂರ್ಯನ ಬೆಳಕಿಗೆ ಇರುವ ಹೆಸರಿನಲ್ಲಿಯೇ ಕಾವು ಸೇರಿಕೊಂಡಿದೆ. ಬಿಸಿಲು ಎಂಬ ಮಾತನ್ನು ಆಡಿದೊಡನೆ ಬಿಸಿಯು ನೆನಪಾಗದಿರದು. ಎಳೆಬಿಸಿಲು, ಹೂಬಿಸಿಲು, ಉರಿಬಿಸಿಲು, ರಣಬಿಸಿಲು ಎಂದು ನಾವು ಮಾಡಿಕೊಂಡಿರುವ ಭೇದಗಳೆಲ್ಲವೂ ಮೈಗೆ ತಾಗುವ ಕಾವನ್ನೇ ಅನುಸರಿಸಿದವು. ಮೈ ಬೆವರಿದರೆ ಬಿಸಿಲು ಕೆಟ್ಟದ್ದು. ತಂಗಾಳಿ ಬೀಸುತ್ತಿದ್ದರೆ ಅದೇ ಬಿಸಿಲು ಹಿತವಾದದ್ದು. ಬೇಸಗೆಯಲ್ಲಿ ಕೊಡೆ ಹಿಡಿಯುವವರು ಮಾರ್ಗಶಿರದ ಚಳಿಯಲ್ಲಿ ಅದನ್ನು ಮೂಲೆಗಿಟ್ಟು, ನಡುಹಗಲಿನಲ್ಲಿಯೇ ಬಿಸಿಲು ಕಾಯಿಸುತ್ತ ಕುಳಿತುಕೊಳ್ಳುತ್ತಾರೆ. ಇದು ತಲೆಮಾರುಗಳಿಂದ ಬಂದ ರೂಢಿ. ಇದರಲ್ಲಿ ತಪ್ಪೇನಿದೆಯೆಂದು ಯಾರೂ ಕೇಳುವುದಿಲ್ಲ.

ಆದರೆ ಪ್ರಕೃತಿಯು ನಮ್ಮ ನಿಘಂಟನ್ನು ನೋಡಿ ಕೆಲಸಮಾಡುವುದಿಲ್ಲ. ಬಿಸಿಲಿನಲ್ಲಿ ಮೈಯನ್ನು ಕಾಯಿಸುವ ಅಂಶವೇ ಬೇರೆ, ಮೈದೊಗಲನ್ನು ಕೆಡಿಸುವ ಅಂಶವೇ ಬೇರೆ. ಮೊದಲನೆಯದು ನಮಗೆ ತಟ್ಟನೆ ತಿಳಿಯುತ್ತದೆ. ಎರಡನೆಯದನ್ನು ತಿಳಿಯುವುದಕ್ಕೆ ನಮ್ಮ ಪಂಚೇಂದ್ರಿಯಗಳಲ್ಲಿ ಒಂದಕ್ಕೂ ಶಕ್ತಿಯಿಲ್ಲ. ಕಾವನ್ನು ನೋಡಿ ಕೆಡುಕನ್ನು ಅಳೆಯಹೊರಡುವುದೆಂದರೆ, ಹೊಳೆಯ ಆಳವನ್ನು ಅದರ ನೀರಿನ ತಂಪಿನಿಂದ ಅಳೆದಂತೆ. ಈ ಭಾಷಣದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇದೊಂದನ್ನೇ. ಉಳಿದುದೆಲ್ಲ ಇದರ ವಿವರಣೆ, ಮತ್ತು ಇದರಿಂದ ನಮ್ಮ ದಿನಚರಿಯಲ್ಲಿ ಆಗಬೇಕಾದ ಕೆಲವು ಬದಲಾವಣೆಗಳು.

ಈ ಎರಡು ಅಂಶಗಳ ಭೇದವು ಬೆಳಕಿಗೆ ಬಂದ ಬಗೆಯು ಸ್ವಾರಸ್ಯವಾಗಿದೆ. ೧೮೦೦ ರಲ್ಲಿ ಇಂಗ್ಲೆಂಡಿನಲ್ಲಿ ನೆಲಸಿದ್ದ ಖಗೋಳಶಾಸ್ತ್ರಜ್ಞ ವಿಲಿಯಂ ಹರ್ಷೆಲನು ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಹರಡಿಕೊಂಡ ಬಣ್ಣಗಳ ಪಟ್ಟಿಯಲ್ಲಿ ಒಂದೊಂದು ಬಣ್ಣಕ್ಕೂ ಉಷ್ಣಮಾಪಕವನ್ನು ಇಟ್ಟು ನೋಡಿದನು. ನೇರಳೆಯಿಂದ ಕೆಂಪಿನ ಕಡೆಗೆ ಹೋದಂತೆಲ್ಲ ಕಾವು ಹೆಚ್ಚುತ್ತ ಬಂದಿತು. ಕೆಂಪನ್ನೂ ದಾಟಿ, ಕಣ್ಣಿಗೆ ಬಣ್ಣವೇ ಕಾಣದ ಬರಿಯ ಜಾಗದಲ್ಲಿ ಇಟ್ಟ ಉಷ್ಣಮಾಪಕದಲ್ಲಿ ಪಾದರಸವು ಎಲ್ಲಕ್ಕಿಂತ ಮೇಲಕ್ಕೆ ಏರಿತು. ಕಾಣದ ಕಿರಣಗಳೂ ಇವೆಯೆಂದು ಆಗ ತಿಳಿಯಿತು. ಮರುವರ್ಷ, ಎಂದರೆ ೧೮೦೧ ರಲ್ಲಿ, ಜರ್ಮನಿಯ ಯೇನಾ ನಗರದಲ್ಲಿದ್ದ ಯೋಹಾನ್ ವಿಲ್ಹೆಲ್ಮ್ ರಿಟ್ಟರನು ಪಟ್ಟಿಯ ಇನ್ನೊಂದು ತುದಿಯನ್ನು ಶೋಧಿಸಿದನು. ಅವನು ಉಪಯೋಗಿಸಿದ್ದು ಉಷ್ಣಮಾಪಕವನ್ನಲ್ಲ; ಬೆಳಕಿಗೆ ಒಡ್ಡಿದರೆ ಕಪ್ಪಾಗುವ ಬೆಳ್ಳಿಯ ಲವಣವನ್ನು. ಆ ಲವಣವು ಕೆಂಪಿನಲ್ಲಿ ಮೆಲ್ಲಗೂ, ನೇರಳೆಯಲ್ಲಿ ಬೇಗನೆಯೂ, ನೇರಳೆಯನ್ನು ದಾಟಿದ ಕತ್ತಲೆಯಲ್ಲಿ ಎಲ್ಲಕ್ಕಿಂತ ಬೇಗನೆಯೂ ಕಪ್ಪಾಯಿತು. ಒಂದು ತುದಿಯಲ್ಲಿ ಕಾಯಿಸುವ ಕಿರಣ. ಇನ್ನೊಂದು ತುದಿಯಲ್ಲಿ ವಸ್ತುವಿನ ಸ್ವರೂಪವನ್ನೇ ಮಾರ್ಪಡಿಸುವ ಕಿರಣ. ಈ ಎರಡನೆಯದಕ್ಕೆ ನೇರಳಾತೀತ ಕಿರಣವೆಂದು ಹೆಸರು. ರಿಟ್ಟರನ ಬೆಳ್ಳಿಯ ಲವಣಕ್ಕೆ ಆದಂಥ ಒಂದು ರಾಸಾಯನಿಕ ವ್ಯಾಪಾರವೇ ನಮ್ಮ ಮೈದೊಗಲಿನಲ್ಲಿಯೂ ದಿನದಿನವೂ ನಡೆಯುತ್ತಿದೆ.

ನೇರಳಾತೀತ ಕಿರಣಗಳನ್ನು ಅವುಗಳ ಅಲೆಯ ಉದ್ದವನ್ನು ಅನುಸರಿಸಿ ಎ, ಬಿ, ಸಿ ಎಂದು ಮೂರು ಪಂಗಡ ಮಾಡಿದ್ದಾರೆ. ಸಿ ಪಂಗಡವು ಎಲ್ಲಕ್ಕಿಂತ ಘಾತುಕವಾದದ್ದು. ಆದರೆ ಮೇಲಣ ವಾಯುಮಂಡಲದಲ್ಲಿರುವ ಓಝೋನ್ ಎಂಬ ಅನಿಲವು ಅದನ್ನು ಪೂರ್ತಿಯಾಗಿ ಹೀರಿಕೊಂಡುಬಿಡುವುದರಿಂದ ನಾವು ಬದುಕಿದ್ದೇವೆ. ಬಿ ಪಂಗಡದ ಬಹು ಭಾಗವೂ ಅಲ್ಲಿಯೇ ತಡೆಯಲ್ಪಡುತ್ತದೆ. ನೆಲವನ್ನು ಮುಟ್ಟುವ ನೇರಳಾತೀತದಲ್ಲಿ ನೂರಕ್ಕೆ ತೊಂಬತ್ತೈದು ಪಾಲಿನಷ್ಟು ಎ, ಐದು ಪಾಲಿನಷ್ಟು ಬಿ. ಪ್ರಮಾಣದಲ್ಲಿ ಅಲ್ಪವಾದರೂ ಬಿ ಕಿರಣವು ಬಲವಾದದ್ದು. ಮೈ ಕೆಂಪೇರುವುದು, ಸುಲಿಯುವುದು ಮುಖ್ಯವಾಗಿ ಇದರಿಂದ. ಎ ಕಿರಣವು ಮೃದುವಾದರೂ ಆಳಕ್ಕೆ ಇಳಿಯತಕ್ಕದ್ದು. ಚರ್ಮದ ಕೆಳಪದರವನ್ನು ಸಡಿಲಿಸಿ ಸುಕ್ಕನ್ನು ತರುವುದರಲ್ಲಿಯೂ, ಬಣ್ಣವನ್ನು ಕದಡುವುದರಲ್ಲಿಯೂ ಇದರ ಕೈ ದೊಡ್ಡದು. ಕಿಟಕಿಯ ಗಾಜು ಬಿ ಕಿರಣವನ್ನು ತಡೆಯುತ್ತದೆ. ಎ ಕಿರಣದ ಬಹು ಪಾಲನ್ನು ಒಳಕ್ಕೆ ಬಿಡುತ್ತದೆ. ಕಛೇರಿಯಲ್ಲಿ ಗಾಜಿನ ಗೋಡೆಯ ಪಕ್ಕದಲ್ಲಿ ತಂಪಾಗಿ ಕುಳಿತಿರುವವರೂ, ಗಾಜನ್ನೇರಿಸಿಕೊಂಡು ಮೋಟಾರನ್ನು ನಡೆಸುವವರೂ ತಾವು ಬಿಸಿಲಿನಿಂದ ದೂರವಿದ್ದೇವೆಂದು ಭಾವಿಸುವುದು ಸರಿಯಲ್ಲ. ಮೋಟಾರಿನ ಮುಂಗಡೆಯ ಗಾಜು ಎ ಕಿರಣವನ್ನೂ ಬಹುಮಟ್ಟಿಗೆ ತಡೆಯುವಂಥಾದ್ದು. ಪಕ್ಕದ ಗಾಜು ಸಾಮಾನ್ಯವಾಗಿ ಅಂಥಾದ್ದಲ್ಲ. ನಮ್ಮ ದೇಶದಲ್ಲಿ ವಾಹನ ನಡೆಸುವವನ ಬಲಗೆನ್ನೆಯೂ ಬಲಗೈಯೂ ಆ ಪಕ್ಕಕ್ಕೇ ಇರುತ್ತವೆ.

ಇನ್ನು ನಮ್ಮ ನಾಡಿನ ವಿಷಯ. ಕಿರಣಗಳು ಓರೆಯಾಗಿ ಬಿದ್ದರೆ ವಾಯುಮಂಡಲದಲ್ಲಿ ಹೆಚ್ಚು ದೂರ ಸಾಗಬೇಕಾಗುವುದರಿಂದ ಸೋಸಲ್ಪಡುತ್ತವೆ. ನೆಟ್ಟಗೆ ಬಿದ್ದರೆ ಸೋಸುವಿಕೆ ಕಡಮೆ. ನೇರಳಾತೀತದ ಬಲವನ್ನು ಗೊತ್ತುಮಾಡುವುದರಲ್ಲಿ ಸೂರ್ಯನು ಆಕಾಶದಲ್ಲಿ ಎಷ್ಟು ಎತ್ತರದಲ್ಲಿದ್ದಾನೆಂಬುದೇ ಪ್ರಧಾನವಾದ ಸಂಗತಿ. ಮೈಸೂರು ಬೆಂಗಳೂರುಗಳು ಹನ್ನೆರಡು ಹದಿಮೂರು ಡಿಗ್ರಿಯ ಅಕ್ಷಾಂಶದಲ್ಲಿರುವ ಊರುಗಳು. ಬೆಂಗಳೂರಿನಲ್ಲಿ ಏಪ್ರಿಲ್ ೨೪ ರ ಸುಮಾರಿಗೆ ಒಮ್ಮೆ, ಆಗಸ್ಟ್ ೧೮ ರ ಸುಮಾರಿಗೆ ಮತ್ತೊಮ್ಮೆ ಸೂರ್ಯನು ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಹೊತ್ತಿನಲ್ಲಿ ನೆರಳೇ ಇರುವುದಿಲ್ಲ. ಏಪ್ರಿಲನ್ನು ಎಲ್ಲರೂ ಬೇಸಗೆಯೆನ್ನುತ್ತಾರೆ. ಆಗಸ್ಟನ್ನು ಬೇಸಗೆಯೆಂದು ಹೇಳುವವರು ಯಾರು? ಅದು ಶ್ರಾವಣದ ಜಡಿಮಳೆಯ ಕಾಲ, ಶಾಲು ಹೊದೆಯುವ ಕಾಲ. ಆದರೂ ಮೋಡ ಹರಿದ ಗಳಿಗೆಯಲ್ಲಿ ಬೀಳುವ ಬಿಸಿಲು ಏಪ್ರಿಲಿನ ಬಿಸಿಲಿಗೆ ಸರಿಸಮನಾದದ್ದು. ಮೋಡವಿದ್ದಾಗಲೂ ಅದು ತೆಳುವಾಗಿದ್ದರೆ ನೂರಕ್ಕೆ ಎಂಬತ್ತರವರೆಗೆ ನೇರಳಾತೀತವು ಕೆಳಕ್ಕೆ ಇಳಿದುಬರಬಲ್ಲದು. ಮೋಡವು ಕಾವನ್ನು ಮರೆಸುವಷ್ಟು ಚೆನ್ನಾಗಿ ಕೆಡುಕನ್ನು ಮರೆಸಲಾರದು.

ಚಳಿಗಾಲದ ಲೆಕ್ಕವನ್ನು ನೋಡೋಣ. ಡಿಸೆಂಬರಿನ ಅತಿ ಕಿರಿದಾದ ಹಗಲಿನಲ್ಲಿಯೂ ಮೈಸೂರಿನ ನಡುಹಗಲ ಸೂರ್ಯನು ದಿಗಂತದಿಂದ ಸುಮಾರು ೫೪ ಡಿಗ್ರಿ ಎತ್ತರದಲ್ಲಿರುತ್ತಾನೆ. ಲಂಡನ್ನಿನಲ್ಲಿ ಸೂರ್ಯನು ಅಷ್ಟೆತ್ತರಕ್ಕೆ ಏರುವುದು ಮೇ ತಿಂಗಳ ಆರಂಭಕ್ಕೆ. ಆ ನಗರದಲ್ಲಿ ವರ್ಷದ ಅತಿ ದೀರ್ಘವಾದ ದಿನದಂದು ಸಹ ಅವನು ೬೨ ಡಿಗ್ರಿಯನ್ನು ದಾಟುವುದಿಲ್ಲ. ನಮ್ಮ ಕಡುಚಳಿಗಾಲದ ಸೂರ್ಯನು ಇಂಗ್ಲೆಂಡಿನ ಬೇಸಗೆಯ ಬಾಗಿಲಲ್ಲಿ ನಿಂತ ಸೂರ್ಯನಿಗೆ ಸಮನೆಂದಾಯಿತು. ಇದರ ಮೇಲೆ ಮತ್ತೆರಡು ಕಾರಣಗಳು ಸೇರಿಕೊಳ್ಳುತ್ತವೆ. ಉಷ್ಣವಲಯದ ಮೇಲೆ ಓಝೋನಿನ ಪದರವು ಶೀತದೇಶಗಳ ಮೇಲಿರುವುದಕ್ಕಿಂತ ತೆಳುವಾಗಿದೆ. ಸಾವಿರ ಮೀಟರು ಮೇಲೇರಿದರೆ ನೇರಳಾತೀತವು ನೂರಕ್ಕೆ ಸುಮಾರು ಹತ್ತು ಪಾಲು ಹೆಚ್ಚುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೩೦೦೦ ಅಡಿ ಎತ್ತರದಲ್ಲಿದೆ. ಈ ಎತ್ತರವೇ ನಮ್ಮ ಪ್ರಸ್ಥಭೂಮಿಗೆ ತಂಪನ್ನು ಕೊಟ್ಟಿರುವುದು. ಯಾವ ಎತ್ತರವು ಕಾವನ್ನು ಇಳಿಸಿತೋ ಅದೇ ಎತ್ತರವು ಕೆಡುಕನ್ನು ಏರಿಸಿದೆ! ರಾಯಚೂರಿನವನು ಮೇ ತಿಂಗಳ ನಡುಹಗಲಿನಲ್ಲಿ ಕದವಿಕ್ಕಿಕೊಂಡು ಒಳಗಿರುತ್ತಾನೆ. ಬೆಂಗಳೂರಿನವನು ಹವೆ ಚೆನ್ನಾಗಿದೆಯೆಂದು ಅದೇ ಹೊತ್ತಿನಲ್ಲಿ ಬರಿದಲೆಯಲ್ಲಿ ಸಂಚರಿಸುತ್ತಾನೆ. ಮೈದೊಗಲಿನ ದೃಷ್ಟಿಯಿಂದ ನೋಡಿದರೆ ಹೆಚ್ಚು ಮೋಸಹೋದವನು ಎರಡನೆಯವನು.

ನೇರಳಾತೀತದ ಬಲವನ್ನು ಜನರಿಗೆ ತಿಳಿಸುವುದಕ್ಕಾಗಿ ಒಂದು ಸೂಚ್ಯಂಕವನ್ನು ಏರ್ಪಡಿಸಿದ್ದಾರೆ. ೧೯೯೨ ರಲ್ಲಿ ಕೆನಡದಲ್ಲಿ ಆರಂಭವಾದ ಈ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಅಂಗೀಕರಿಸಿದೆ. ಅಂಕವು ೩ ನ್ನು ಮುಟ್ಟಿದರೆ ರಕ್ಷಣೆ ಬೇಕು. ೮ ನ್ನು ಮುಟ್ಟಿದರೆ ಬಹು ಹೆಚ್ಚು. ೧೧ ನ್ನು ಮುಟ್ಟಿದರೆ ವಿಪರೀತ. ನಮ್ಮಲ್ಲಿ ಮಾರ್ಚಿಯಿಂದ ಮೇ ವರೆಗೆ, ಆಕಾಶವು ನಿರ್ಮಲವಾಗಿರುವ ನಡುಹಗಲಿನಲ್ಲಿ, ಅಂಕವು ೧೧ ನ್ನು ದಾಟುವುದು ಸಾಮಾನ್ಯ.

ಹಾಗಾದರೆ ಇಂಥ ಬಿಸಿಲಿನಲ್ಲಿ ನಮ್ಮ ಪೂರ್ವಿಕರು ಹೇಗೆ ಬಾಳಿದರು? ಪ್ರಕೃತಿಯು ಅವರನ್ನು ನಿರಾಯುಧರನ್ನಾಗಿ ಬಿಡಲಿಲ್ಲ. ಹೊರಚರ್ಮದ ತಳದಲ್ಲಿ ಮೆಲನಿನ್ ಎಂಬ ಕಪ್ಪುವರ್ಣವನ್ನು ತಯಾರಿಸುವ ಜೀವಕಣಗಳಿವೆ. ಇವುಗಳ ಸಂಖ್ಯೆಯು ಬಿಳಿಯರಲ್ಲಿಯೂ ಕರಿಯರಲ್ಲಿಯೂ ಹೆಚ್ಚುಕಡಮೆ ಒಂದೇ. ಭೇದವಿರುವುದು ಅವು ತಯಾರಿಸುವ ವರ್ಣದ ಪ್ರಮಾಣದಲ್ಲಿ ಮತ್ತು ವರ್ಣದ ಹರಳುಗಳ ಗಾತ್ರದಲ್ಲಿ. ಈ ಹರಳುಗಳು ಸುತ್ತಣ ಜೀವಕಣಗಳಿಗೆ ಹಂಚಲ್ಪಟ್ಟು, ಪ್ರತಿಯೊಂದು ಕಣದಲ್ಲಿಯೂ ಅದರ ಕೇಂದ್ರದ ಮೇಲ್ಗಡೆಯಲ್ಲಿ, ಸೂರ್ಯನಿಗೆ ಎದುರಾಗಿ, ಕೊಡೆ ಬಿಚ್ಚಿದಂತೆ ಕವಿದುಕೊಳ್ಳುತ್ತವೆ. ವಂಶದ ಗುಣಗಳನ್ನೆಲ್ಲ ಹೊತ್ತಿರುವ ಡಿ. ಎನ್. ಎ. ಇರುವುದು ಆ ಕೇಂದ್ರದಲ್ಲಿಯೇ. ನೇರಳಾತೀತವು ಘಾತಿಸುವುದೂ ಅದನ್ನೇ. ಕಿರಣವು ತಾಗಿದಾಗ ಡಿ. ಎನ್. ಎ.ಯ ಸರಪಳಿಯಲ್ಲಿ ನೆರೆಹೊರೆಯ ಕೊಂಡಿಗಳು ತಪ್ಪಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜೀವಕಣವು ಅವುಗಳನ್ನು ಬಿಡಿಸಿ ಸರಿಪಡಿಸುತ್ತಲೇ ಇರುತ್ತದೆ. ರಿಪೇರಿಗೆ ಸಿಕ್ಕದೆ ಉಳಿದ ತಪ್ಪುಗಳು ವರ್ಷಗಟ್ಟಲೆ ಒಟ್ಟುಗೂಡಿ ಮುಂದೆ ಕೇಡನ್ನು ತರುತ್ತವೆ. ಬಿಸಿಲಿಗೆ ಹೋದವನು ಕಪ್ಪಾಗುವುದು ಕೊಳೆ ಹತ್ತಿದ್ದರಿಂದಲ್ಲ. ಘಾತಕ್ಕೆ ಒಳಗಾದ ಚರ್ಮವು ಹೊಸದಾಗಿ ಕೊಡೆಗಳನ್ನು ಹೊಲಿಸಿಕೊಳ್ಳುತ್ತಿದೆಯೆಂದು ಅದರ ಅರ್ಥ. ಇದನ್ನು ಬಲ್ಲವನು ಮೈಯ ಕಪ್ಪನ್ನು ಹಳಿಯಲಾರ.

ಈ ಸಹಜವಾದ ಕೊಡೆಯು ಸಾಮಾನ್ಯವಾದದ್ದಲ್ಲ. ಭಾರತೀಯರಲ್ಲಿ ಚರ್ಮದ ಕ್ಯಾನ್ಸರು ಬಿಳಿಯ ಜನಾಂಗಗಳಲ್ಲಿ ಇರುವುದಕ್ಕಿಂತ ಬಹಳ ಅಪೂರ್ವವಾಗಿರುವುದು ಇದರಿಂದಲೇ. ಆಸ್ಟ್ರೇಲಿಯದಲ್ಲಿ ನೆಲಸಿದ ಬಿಳಿಯರಿಗಾಗಿ ಬರೆದ ಎಚ್ಚರಿಕೆಗಳನ್ನು ಇಲ್ಲಿಗೆ ತಂದು ನಮ್ಮವರನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ೧೯೭೫ ರಲ್ಲಿ ಅಮೆರಿಕದ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯನು ಬಿಸಿಲಿಗೆ ಚರ್ಮವು ತೋರುವ ಪ್ರತಿಕ್ರಿಯೆಯನ್ನು ಅನುಸರಿಸಿ ಜನರನ್ನು ವರ್ಗೀಕರಿಸಿದಾಗ, ಅದು ಬಿಳಿಯ ಚರ್ಮಕ್ಕಾಗಿಯೇ ಮಾಡಿದ ವರ್ಗೀಕರಣವಾಗಿತ್ತು. ಕಂದುಬಣ್ಣಕ್ಕೂ ಕಪ್ಪುಬಣ್ಣಕ್ಕೂ ಅದರಲ್ಲಿ ಸ್ಥಾನ ದೊರೆತದ್ದು ತರುವಾಯ. ಆದರೆ ನಮ್ಮ ಕೊಡೆಗೂ ಒಂದು ಮಿತಿಯುಂಟು. ಅತಿ ಕಪ್ಪಾದ ಚರ್ಮವೂ ಬಿ ಕಿರಣಗಳಲ್ಲಿ ಹದಿಮೂರರಲ್ಲಿ ಒಂದು ಪಾಲಿನಷ್ಟನ್ನು ಒಳಕ್ಕೆ ಬಿಡುತ್ತದೆಂದು ಅಳೆದು ನೋಡಿದ್ದಾರೆ. ನಮ್ಮಲ್ಲಿ ಬಹುಮಂದಿಯ ಕಂದುಚರ್ಮವು ಇದಕ್ಕಿಂತ ಹೆಚ್ಚನ್ನು ಬಿಡುತ್ತದೆ. ಎ ಕಿರಣದ ವಿಷಯದಲ್ಲಿ ರಕ್ಷಣೆಯು ಇನ್ನೂ ಕಡಮೆ.

ಆದುದರಿಂದ ನಮ್ಮವರಿಗೆ ಬಿಸಿಲಿನಿಂದಾಗುವ ಕೇಡು ಬೇರೆ ವೇಷದಲ್ಲಿ ಬರುತ್ತದೆ. ಮೊದಲನೆಯದು ಬಣ್ಣಗೆಡುವಿಕೆ. ಕೆನ್ನೆ, ಹಣೆ, ಮೂಗಿನ ಮೇಲೆ ಬೂದುಗಪ್ಪಾಗಿ ಹರಡುವ ಬಂಗು ಎಂಬ ಕಲೆಯನ್ನು ಎಲ್ಲರೂ ಕಂಡಿದ್ದಾರೆ. ಬಸುರಿನಲ್ಲಿ ಆಗುವ ದೇಹದ ವ್ಯತ್ಯಾಸಗಳೂ ವಂಶವೂ ಇದಕ್ಕೆ ಕಾರಣಗಳು. ಆದರೆ ಇದನ್ನು ಕೆರಳಿಸಿ ಬೆಳೆಸತಕ್ಕದ್ದು ಬಿಸಿಲು. ಮೊಡವೆಯೋ ಗಾಯವೋ ಮಾಗಿದ ಜಾಗದಲ್ಲಿ ಉಳಿಯುವ ಕಪ್ಪು ಕಲೆಯೂ ಬಿಸಿಲಿಗೆ ಒಡ್ಡಿದಷ್ಟೂ ಗಾಢವಾಗುತ್ತದೆ. ಎರಡನೆಯದು ಕಾಲಕ್ಕೆ ಮುಂಚಿನ ಮುಪ್ಪು. ಇದನ್ನು ನೋಡಬೇಕಾದರೆ ಪ್ರಯೋಗಶಾಲೆ ಬೇಕಿಲ್ಲ. ಐವತ್ತು ದಾಟಿದವರು ತಮ್ಮ ಮುಂಗೈಯ ಹೊರಮೈಯನ್ನೂ ತೋಳಿನ ಒಳಮೈಯನ್ನೂ ಒಟ್ಟಿಗಿಟ್ಟು ನೋಡಿಕೊಳ್ಳಲಿ. ಎರಡಕ್ಕೂ ವಯಸ್ಸು ಒಂದೇ. ಕಂಡ ಬಿಸಿಲು ಮಾತ್ರ ಬೇರೆ. ಮೂರನೆಯದು ಕಣ್ಣಿನ ಕೇಡು. ಕಣ್ಣಿನ ಪೊರೆಗೆ ಮುಪ್ಪು, ಸಕ್ಕರೆ ರೋಗ, ಹೊಗೆಸೊಪ್ಪು ಮೊದಲಾದ ಕಾರಣಗಳು ಹಲವಿದ್ದರೂ ನೇರಳಾತೀತವು ಅವುಗಳಲ್ಲಿ ಒಂದು. ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಮೇಲಕ್ಕೆ ರೆಕ್ಕೆಯಂತೆ ಬೆಳೆಯುವ ಮಾಂಸಪೊರೆಗೂ ಇದೇ ಕಾರಣ. ಕಣ್ಣಿಗೆ ಮೆಲನಿನ್ನಿನ ಕೊಡೆಯು ಚರ್ಮಕ್ಕಿರುವಂತೆ ಇಲ್ಲ.

ಈ ಕೊಡೆಯೇ ಇಲ್ಲದೆ ಹುಟ್ಟಿದವರೂ, ನಡುವೆ ಕಳೆದುಕೊಂಡವರೂ ನಮ್ಮ ನಡುವೆ ಇದ್ದಾರೆ. ಹುಟ್ಟಿನಿಂದಲೇ ಮೈಕೂದಲುಗಳೆಲ್ಲ ಬೆಳ್ಳಗಿರುವವರಿಗೆ ನಮ್ಮ ಬಿಸಿಲು ನಿಜವಾಗಿಯೂ ಅಪಾಯಕರ. ಅವರಿಗೆ ಚರ್ಮದ ಕ್ಯಾನ್ಸರಿನ ಭಯವು ಉಳಿದವರಿಗಿಂತ ಎಷ್ಟೋ ಪಾಲು ಹೆಚ್ಚು. ತೊನ್ನು ಹತ್ತಿದವರ ಬಿಳಿಯ ಮಚ್ಚೆಗಳೂ ಬಿಸಿಲಿಗೆ ಬೇಗ ಬೇಯುತ್ತವೆ. ಇಂಥವರನ್ನು ಕಂಡು ದೂರ ಸರಿಯುವ ಜನರಿಗೆ, ಅದು ಅಂಟುಜಾಡ್ಯವಲ್ಲವೆಂಬುದೂ, ಅವರಿಗೆ ಬೇಕಾದದ್ದು ನೆರಳೇ ಹೊರತು ತಿರಸ್ಕಾರವಲ್ಲವೆಂಬುದೂ ತಿಳಿದಿರಬೇಕು. ಯಾರಿಗೇ ಆಗಲಿ, ವಾರಗಟ್ಟಲೆ ಮಾಗದ ಹುಣ್ಣು, ಆಕಾರ ಬದಲಾಯಿಸುತ್ತಿರುವ ಮಚ್ಚೆ, ಅಂಗಾಲಿನಲ್ಲಿಯೋ ಉಗುರಿನಡಿಯಲ್ಲಿಯೋ ಹೊಸದಾಗಿ ಹುಟ್ಟಿದ ಕಪ್ಪು ಗುರುತು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಕಪ್ಪುಚರ್ಮದವರಲ್ಲಿ ಮೆಲನೋಮಾ ಎಂಬ ಕ್ರೂರವಾದ ಕ್ಯಾನ್ಸರು ಬಿಸಿಲನ್ನು ಕಾಣದ ಇಂಥ ಜಾಗಗಳಲ್ಲಿಯೇ ಹೆಚ್ಚಾಗಿ ಹುಟ್ಟುವುದರಿಂದ, ಅದರ ಕಡೆಗೆ ಯಾರ ಗಮನವೂ ಹೋಗದೆ ಕಾಲ ಮೀರುತ್ತದೆ.

ಇನ್ನು ಪರಿಹಾರ. ಕಾವನ್ನು ನಂಬಬಾರದೆಂದ ಮೇಲೆ ಯಾವುದನ್ನು ನಂಬಬೇಕು? ಇದಕ್ಕೆ ಪ್ರತಿಯೊಬ್ಬರ ಕಾಲಬುಡದಲ್ಲಿಯೇ ಒಂದು ಯಂತ್ರವಿದೆ. ಅದು ಅವರವರ ನೆರಳು. ಸಮತಟ್ಟಾದ ನೆಲದ ಮೇಲೆ ನೆಟ್ಟಗೆ ನಿಂತು ತಮ್ಮ ನೆರಳನ್ನು ನೋಡಬೇಕು. ನೆರಳು ತಮಗಿಂತ ಉದ್ದವಾಗಿದ್ದರೆ ಸೂರ್ಯನು ೪೫ ಡಿಗ್ರಿಗಿಂತ ಕೆಳಗಿದ್ದಾನೆ. ಬಿಸಿಲು ಸೋಸಿ ಬರುತ್ತಿದೆ. ನೆರಳು ತಮಗಿಂತ ಗಿಡ್ಡವಾಗಿದ್ದರೆ, ಹವೆಯು ಎಷ್ಟೇ ತಂಪಾಗಿರಲಿ, ನೆರಳನ್ನು ಹುಡುಕಬೇಕು. ಮೈಸೂರಿನಲ್ಲಿ ಈ ಗಿಡ್ಡನೆರಳಿನ ಅವಧಿಯು ಏಪ್ರಿಲ್ ಕೊನೆಯಲ್ಲಿ ಬೆಳಗ್ಗೆ ಒಂಬತ್ತೂಕಾಲರಿಂದ ಮಧ್ಯಾಹ್ನ ಸುಮಾರು ಮೂರೂವರೆಯವರೆಗೆ. ಡಿಸೆಂಬರಿನಲ್ಲಿಯೂ ಸುಮಾರು ಹತ್ತೂವರೆಯಿಂದ ಎರಡು ಗಂಟೆಯವರೆಗೆ. ನಮ್ಮ ಗಡಿಯಾರದ ಹನ್ನೆರಡು ಗಂಟೆಯು ಸೂರ್ಯನ ನಡುಹಗಲಲ್ಲ. ಭಾರತದ ಕಾಲಮಾನವು ನಮಗೆ ಪೂರ್ವದಲ್ಲಿರುವ ರೇಖಾಂಶವನ್ನು ಅನುಸರಿಸುವುದರಿಂದ, ಮೈಸೂರಿನಲ್ಲಿ ಸೂರ್ಯನು ಅತ್ಯುನ್ನತಿಗೆ ಬರುವುದು ಹನ್ನೆರಡೂ ಇಪ್ಪತ್ತರ ಸುಮಾರಿಗೆ. ಗಡಿಯಾರಕ್ಕಿಂತ ನೆರಳೇ ನಂಬಿಕೆಗೆ ಯೋಗ್ಯವಾದದ್ದು.

ಹೊತ್ತನ್ನು ತಪ್ಪಿಸಲಾಗದವರು ಮರೆಯನ್ನು ಮಾಡಿಕೊಳ್ಳಬೇಕು. ಮರೆಗಳಲ್ಲೆಲ್ಲ ಉತ್ತಮವಾದದ್ದು ಬಟ್ಟೆ. ಒತ್ತಾಗಿ ನೆಯ್ದ, ಮೈಗೆ ಅಂಟದಂತೆ ಸಡಿಲವಾಗಿರುವ ತುಂಬುತೋಳಿನ ಬಟ್ಟೆಯು ಯಾವ ಲೇಪಕ್ಕಿಂತಲೂ ಮೇಲು. ಬೆಳಕಿಗೆ ಹಿಡಿದರೆ ಆಚೆಯದು ಕಾಣುವಂಥ ತೆಳುವಾದ ಬಿಳಿಯ ಹತ್ತಿಬಟ್ಟೆಯು ಗಾಳಿಗೆ ಹಿತವಾದರೂ ನೇರಳಾತೀತವನ್ನು ಅಷ್ಟಾಗಿ ತಡೆಯದು. ಬೆವರಿನಿಂದಲೋ ಮಳೆಯಿಂದಲೋ ಒದ್ದೆಯಾದರಂತೂ ಇನ್ನೂ ಕಡಮೆ. ಅದೇ ನೇಯ್ಗೆಯ ಗಾಢವರ್ಣದ ಬಟ್ಟೆಯು ಹೆಚ್ಚು ತಡೆಯುತ್ತದೆ. ಬಿಳಿಯ ಬಟ್ಟೆ ತಂಪು, ಕರಿಯ ಬಟ್ಟೆ ಸೆಕೆ ಎಂಬ ತಿಳಿವಳಿಕೆಯು ಕಾವಿನ ಮಟ್ಟಿಗೆ ನಿಜ. ಕೆಡುಕಿನ ಮಟ್ಟಿಗೆ ಅಲ್ಲ.

ತಲೆಯುಡುಗೆಯ ವಿಷಯದಲ್ಲಿಯೂ ಇದೇ ಮಾತು. ನಮ್ಮ ರುಮಾಲು, ಪೇಟ, ಕರಾವಳಿಯ ರೈತನ ಅಡಕೆಹಾಳೆಯ ಮುಟ್ಟಾಳೆ ಇವೆಲ್ಲವೂ ನೆತ್ತಿಯನ್ನು ಕಾವಿನಿಂದ ಕಾಯುವುದಕ್ಕೆ ಬಹಳ ಚೆನ್ನಾಗಿವೆ. ಆದರೆ ಮುಖಕ್ಕೆ, ಕಿವಿಗೆ, ಕತ್ತಿನ ಹಿಂಭಾಗಕ್ಕೆ ನೆರಳು ಕೊಡುವ ಅಂಚು ಅವಕ್ಕಿಲ್ಲ. ಹೊಲದಲ್ಲಿ ಕೆಲಸಮಾಡುವ ಹೆಂಗಸರು ಸೆರಗನ್ನು ತಲೆಯ ಮೇಲಿಂದ ಹಣೆಯ ಮುಂದಕ್ಕೆ ಎಳೆದುಕೊಳ್ಳುವುದು ಈ ದೃಷ್ಟಿಯಿಂದ ಹೆಚ್ಚು ಬುದ್ಧಿವಂತಿಕೆಯದು. ಸುತ್ತಲೂ ಮೂರು ನಾಲ್ಕು ಅಂಗುಲ ಅಂಚುಳ್ಳ ಟೋಪಿಯು ಒಳ್ಳೆಯದು. ಕರಿಯ ಕೊಡೆಯು ಅದಕ್ಕಿಂತಲೂ ಒಳ್ಳೆಯದು. ಮೇಲಿನಿಂದ ಬೀಳುವ ನೇರಳಾತೀತದಲ್ಲಿ ನೂರಕ್ಕೆ ತೊಂಬತ್ತನ್ನೂ ಮೀರಿ ಅದು ತಡೆಯಬಲ್ಲದು. ಹಿಂದಿನ ಕಾಲದ ಉಪಾಧ್ಯಾಯರು ಬೇಸಗೆಯೆನ್ನದೆ ಮಳೆಗಾಲವೆನ್ನದೆ ಕಂಕುಳಲ್ಲಿ ಇರಿಸಿಕೊಂಡು ತಿರುಗುತ್ತಿದ್ದ ಆ ಕೊಡೆಯನ್ನು ಇಂದಿನ ತರುಣರು ನಗೆಯ ವಸ್ತುವೆಂದೆಣಿಸುವುದು ವಿಷಾದಕರ. ಆದರೆ ಕೊಡೆಯ ಕೆಳಗೂ ಪೂರ್ತಿ ನೆರಳಿಲ್ಲ. ನೀಲಿಯ ಆಕಾಶದಿಂದ ಚೆದರಿ ಬರುವ ಕಿರಣಗಳೂ, ಸಮುದ್ರತೀರದ ಮರಳಿನಿಂದ ನೂರಕ್ಕೆ ಹದಿನೈದರಷ್ಟು ಪ್ರತಿಫಲಿಸುವ ಕಿರಣಗಳೂ ಪಕ್ಕದಿಂದಲೂ ಕೆಳಗಿನಿಂದಲೂ ಬಂದು ತಾಗುತ್ತವೆ. ನೇರಳಾತೀತವನ್ನು ತಡೆಯುವ ಕನ್ನಡಕವನ್ನು ಕಣ್ಣಿಗೆ ಧರಿಸುವುದು ಇದಕ್ಕಾಗಿಯೇ. ಬರಿಯ ಕಪ್ಪುಗಾಜಿನಿಂದ ಪ್ರಯೋಜನವಿಲ್ಲ. ಕತ್ತಲೆಗೆ ಕಣ್ಣಿನ ಪಾಪೆಯು ಅಗಲವಾಗಿ, ಹೆಚ್ಚು ಕಿರಣವನ್ನು ಒಳಗೆ ಬಿಟ್ಟುಕೊಳ್ಳುವ ಸಂಭವವೇ ಉಂಟು.

ಬಟ್ಟೆ ಮುಚ್ಚದ ಜಾಗಕ್ಕೆ ಬಿಸಿಲನ್ನು ತಡೆಯುವ ಲೇಪಗಳಿವೆ. ಸನ್‌ಸ್ಕ್ರೀನ್ ಎಂದು ಅಂಗಡಿಗಳಲ್ಲಿ ದೊರೆಯುವ ಇವುಗಳ ಡಬ್ಬಿಯ ಮೇಲೆ ಎಸ್. ಪಿ. ಎಫ್. ಎಂಬ ಅಂಕವಿರುತ್ತದೆ. ಅಂಕವು ೧೫ ಆದರೆ ಮೈಯನ್ನು ಕೆಂಪೇರಿಸುವ ಕಿರಣದಲ್ಲಿ ಹದಿನೈದರಲ್ಲಿ ಒಂದು ಪಾಲು, ೩೦ ಆದರೆ ಮೂವತ್ತರಲ್ಲಿ ಒಂದು ಪಾಲು ಒಳಕ್ಕೆ ಹೋಗುತ್ತದೆಂದು ತಾತ್ಪರ್ಯ. ಹೀಗೆ ಲೆಕ್ಕ ಹಾಕಿದರೆ ೩೦ ರ ಲೇಪವು ನೂರಕ್ಕೆ ತೊಂಬತ್ತೇಳನ್ನೂ, ೫೦ ರ ಲೇಪವು ತೊಂಬತ್ತೆಂಟನ್ನೂ ತಡೆಯುತ್ತವೆ. ಅಂಕವು ಬೆಳೆದಷ್ಟು ರಕ್ಷಣೆಯು ಬೆಳೆಯುವುದಿಲ್ಲ; ಬೆಲೆ ಮಾತ್ರ ಬೆಳೆಯಬಹುದು. ೩೦ ಸಾಕು. ಆದರೆ ಅಂಕವನ್ನು ಗೊತ್ತುಮಾಡುವಾಗ ಪ್ರಯೋಗಶಾಲೆಯಲ್ಲಿ ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಮಿನಂತೆ ದಪ್ಪವಾಗಿ ಬಳಿಯುತ್ತಾರೆ. ನಾವು ಜಿಪುಣತನದಿಂದ ಅದರ ಕಾಲು ಭಾಗವನ್ನೋ ಅರ್ಧವನ್ನೋ ಸವರಿಕೊಳ್ಳುತ್ತೇವೆ. ಮುಖಕ್ಕೂ ಕತ್ತಿಗೂ ಸೇರಿ ತೋರುಬೆರಳು ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ ಲೇಪ ಬೇಕು. ಹೊರಗಿರುವವರೆಗೆ ಎರಡು ಗಂಟೆಗೊಮ್ಮೆ, ಬೆವರಿ ಒರಸಿಕೊಂಡರೆ ಇನ್ನೂ ಬೇಗ, ಮತ್ತೆ ಹಚ್ಚಬೇಕು. ಎಸ್. ಪಿ. ಎಫ್. ಹೇಳುವುದು ಮುಖ್ಯವಾಗಿ ಬಿ ಕಿರಣದ ಮಾತನ್ನು. ಎ ಕಿರಣವನ್ನೂ ತಡೆಯುವುದೆಂದು ಡಬ್ಬಿಯ ಮೇಲೆ ಬರೆದಿದೆಯೇ ಎಂದು ನೋಡಿ ಕೊಳ್ಳಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕೆಡುಕು ಮಾಡುವುದರಿಂದ, ಕಬ್ಬಿಣದ ಆಕ್ಸೈಡನ್ನು ಬೆರಸಿ ಮೈಬಣ್ಣಕ್ಕೆ ಹೊಂದಿಸಿದ ಲೇಪಗಳು ಹೆಚ್ಚು ಉಪಯುಕ್ತವಾಗಿವೆ. ಆರು ತಿಂಗಳೊಳಗಿನ ಮಕ್ಕಳಿಗೆ ಲೇಪ ಬೇಡ. ನೆರಳೂ ಬಟ್ಟೆಯೂ ಸಾಕು.

ಇಲ್ಲಿ ಒಂದು ಅಹಿತವಾದ ಮಾತನ್ನು ಆಡದೆ ಗತಿಯಿಲ್ಲ. ನಮ್ಮಲ್ಲಿ ಬಿಸಿಲಿಗೆ ಹೆದರುವವರಲ್ಲಿ ಬಹುಮಂದಿಯು ಹೆದರುವುದು ಕೇಡಿಗಲ್ಲ, ಕಪ್ಪಿಗೆ. ಕಪ್ಪು ನಮ್ಮ ರಕ್ಷಕನೆಂದು ಈಗತಾನೆ ನೋಡಿದೆವು. ಆ ರಕ್ಷಕನನ್ನೇ ಓಡಿಸುವುದಕ್ಕಾಗಿ ಮಾಡುವ ಪ್ರಯತ್ನಗಳಿಂದ ಬಿಸಿಲಿನ ಕೇಡು ಇಮ್ಮಡಿಯಾಗುತ್ತದೆ. ಬಿಳುಪಾಗಲೆಂದು ನಿಂಬೆಯ ರಸವನ್ನು ಮುಖಕ್ಕೆ ತಿಕ್ಕಿಕೊಂಡು ಬಿಸಿಲಿಗೆ ಹೋಗುವವರುಂಟು. ನಿಂಬೆಯ ಜಾತಿಯ ಹಣ್ಣುಗಳ ಸಿಪ್ಪೆಯಲ್ಲಿಯೂ ರಸದಲ್ಲಿಯೂ ಇರುವ ಕೆಲವು ಪದಾರ್ಥಗಳು ಎ ಕಿರಣದೊಡನೆ ಸೇರಿ ಚರ್ಮವನ್ನು ಬೊಬ್ಬೆಯೇಳಿಸಿ, ತಿಂಗಳುಗಟ್ಟಲೆ ಮಾಸದ ಕಪ್ಪನ್ನು ಉಳಿಸಿಹೋಗುತ್ತವೆ. ಇದಕ್ಕಿಂತ ಘೋರವಾದದ್ದು, ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ವರ್ಷಗಟ್ಟಲೆ ಬಳಿಯುವ ಸ್ಟೀರಾಯ್ಡ್ ಬೆರಸಿದ ಲೇಪಗಳು. ಇವು ಮೊದಲ ವಾರಗಳಲ್ಲಿ ಮುಖವನ್ನು ತಿಳಿಮಾಡಿ ಆಸೆ ಹುಟ್ಟಿಸುತ್ತವೆ. ತರುವಾಯ ಚರ್ಮವು ಕಾಗದದಂತೆ ತೆಳುವಾಗಿ, ರಕ್ತನಾಳಗಳು ಕೆಂಪಗೆ ಎದ್ದು ಕಂಡು, ಮೊಡವೆಯೂ ಕೂದಲೂ ಬೆಳೆದು, ಬಿಸಿಲಿಗೆ ಕಾಲಿಟ್ಟೊಡನೆ ಮುಖವು ಉರಿಯತೊಡಗುತ್ತದೆ. ಬಿಟ್ಟರೆ ಕಲೆಯು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಆದ್ದರಿಂದ ಬಿಡುವುದಕ್ಕೂ ಧೈರ್ಯ ಬಾರದು. ಮದುವೆಯ ವಯಸ್ಸಿನ ಹೆಣ್ಣುಮಕ್ಕಳು ಈ ಬಲೆಗೆ ಬೀಳುತ್ತಿರುವುದಕ್ಕೆ ಹೊಣೆ ಅವರದಲ್ಲ. ಬಣ್ಣವನ್ನು ನೋಡಿ ಸೊಸೆಯನ್ನು ಆರಿಸುವ ವಿದ್ಯಾವಂತರಾದ ನಮ್ಮೆಲ್ಲರದು.

ಕೆಲವರು ಕೇಳಬಹುದು: ಬಿಸಿಲಿನಿಂದ ಉಪಕಾರವೂ ಇಲ್ಲವೆ? ಅವಶ್ಯವಾಗಿ ಉಂಟು. ೧೯೧೯ ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯನು, ಮೂಳೆ ಬಾಗಿದ ಮಕ್ಕಳನ್ನು ನೇರಳಾತೀತದ ದೀಪದ ಮುಂದೆ ಇರಿಸಿ ಗುಣಪಡಿಸಿದನು. ಬಿ ಕಿರಣವು ಚರ್ಮದಲ್ಲಿ ಡಿ ಜೀವಸತ್ವವನ್ನು ಉಂಟುಮಾಡುವುದೇ ಇದರ ರಹಸ್ಯ. ಇಷ್ಟು ಬಿಸಿಲಿರುವ ನಮ್ಮ ದೇಶದ ನಗರವಾಸಿಗಳಲ್ಲಿ ಈ ಜೀವಸತ್ವದ ಕೊರತೆಯು ಸಾಮಾನ್ಯವಾಗಿ ಕಂಡುಬಂದಿದೆ. ನೆರಳು ಬಹಳ ಉದ್ದವಾಗಿರುವ ಮುಂಜಾನೆಯ ಎಳೆಬಿಸಿಲಿನಲ್ಲಿ ಬಿ ಕಿರಣವು ಅತ್ಯಲ್ಪವಾದುದರಿಂದ, ಅದರಿಂದ ಹಿತವಿದ್ದರೂ ಡಿ ಜೀವಸತ್ವವು ಹೆಚ್ಚಾಗಿ ದೊರೆಯದು. ನೆರಳು ಗಿಡ್ಡವಾಗತೊಡಗಿದ ಹೊತ್ತಿನಲ್ಲಿ, ಮುಖವನ್ನು ಮರೆಮಾಡಿಕೊಂಡು, ತೋಳುಕಾಲುಗಳನ್ನು ಕಾಲು ಗಂಟೆಯೋ, ಮೈಬಣ್ಣವು ಗಾಢವಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚೋ ಒಡ್ಡುವುದು ಒಂದು ಮಧ್ಯಮಾರ್ಗ. ಅದನ್ನು ಮೀರಿ ಕುಳಿತರೆ ಲಾಭವಿಲ್ಲ; ಒಂದು ಮಿತಿಯ ಮೇಲೆ ಚರ್ಮವು ಆ ಸತ್ವವನ್ನು ಹೆಚ್ಚಿಸದೆ ಬೇರೆ ನಿರುಪಯೋಗಿ ಪದಾರ್ಥಗಳಾಗಿ ಮಾರ್ಪಡಿಸುತ್ತದೆ. ಕೊರತೆ ತೀವ್ರವಾಗಿದ್ದರೆ ವೈದ್ಯರು ಕೊಡುವ ಗುಳಿಗೆಯೇ ಸುಲಭೋಪಾಯ.

ಇಷ್ಟೆಲ್ಲ ಹೇಳಿದ್ದು ನೆರಳನ್ನು ಆರಿಸಿಕೊಳ್ಳಬಲ್ಲವರಿಗೆ. ರಸ್ತೆಗೆ ಡಾಮರು ಹಾಕುವವರು, ಕಟ್ಟಡಕ್ಕೆ ಇಟ್ಟಿಗೆ ಹೊರುವವರು, ಚೌಕದಲ್ಲಿ ನಿಂತು ವಾಹನಗಳಿಗೆ ದಾರಿ ತೋರುವ ಪೋಲೀಸಿನವರು, ಗಾಡಿಯಲ್ಲಿ ಹಣ್ಣು ಮಾರುವವರು, ಇವರಿಗೆ ಗಿಡ್ಡನೆರಳಿನ ಹೊತ್ತೇ ಕೆಲಸದ ಹೊತ್ತು. ಇವರಿಗೆ ಬೇಕಾದದ್ದು ಉಪದೇಶವಲ್ಲ. ಕೆಲಸದ ಜಾಗದಲ್ಲಿ ಒಂದು ಚಪ್ಪರ, ತಲೆಗೆ ಅಂಚಿನ ಟೋಪಿ, ನಡುಹಗಲಿಗೆ ಬಿಡುವು. ಇವನ್ನು ಒದಗಿಸುವ ಅಧಿಕಾರವುಳ್ಳವರು ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಹಲವರಿದ್ದಾರೆ. ಮಕ್ಕಳ ವಿಷಯವೂ ಹೀಗೆಯೇ. ಡ್ರಿಲ್ಲಿನ ಹೊತ್ತನ್ನು ಗೊತ್ತುಮಾಡುವವರು ಮಕ್ಕಳಲ್ಲ, ಬೋಧಕರಾದ ನಾವು. ಡಿಸೆಂಬರಿನಲ್ಲಿ ಹವೆ ತಂಪಾಗಿದೆಯೆಂದು ಕ್ರೀಡೋತ್ಸವವನ್ನು ಹನ್ನೊಂದು ಗಂಟೆಗೆ ಆರಂಭಿಸಿ, ಅತಿಥಿಗಳನ್ನು ಶಾಮಿಯಾನದ ಕೆಳಗೂ ಹುಡುಗರನ್ನು ಬಯಲಿನಲ್ಲಿಯೂ ಮೂರು ಗಂಟೆ ಕೂರಿಸುವ ಪದ್ಧತಿಯನ್ನು ಬಿಡುವುದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಮೈದಾನದ ಸುತ್ತ ಹೊಂಗೆಯನ್ನೂ ಬೇವನ್ನೂ ನೆಟ್ಟರೆ ಕೆಲವು ವರ್ಷಗಳಲ್ಲಿ ಅದಕ್ಕಿಂತ ದೊಡ್ಡ ಕೊಡೆ ಬೇರೊಂದಿಲ್ಲ. ಸಾಲುಮರಗಳನ್ನು ನೆಡಿಸಿದ ಹಿಂದಿನವರು ನೇರಳಾತೀತದ ಹೆಸರನ್ನು ಕೇಳಿದವರಲ್ಲ. ಆದರೂ ಅವರ ನೆರಳಿನಲ್ಲಿ ನಾವಿನ್ನೂ ನಡೆಯುತ್ತಿದ್ದೇವೆ.

ಸೂರ್ಯನು ನಮ್ಮ ವೈರಿಯಲ್ಲ. ಅವನಿಲ್ಲದೆ ಬೆಳೆಯಿಲ್ಲ, ಮಳೆಯಿಲ್ಲ, ಮೂಳೆಗೆ ಬಲವಿಲ್ಲ. ಆದರೆ ಅವನ ಬಲವನ್ನು ಬೆವರಿನಿಂದ ಅಳೆಯುವುದನ್ನು ಬಿಟ್ಟು ನೆರಳಿನಿಂದ ಅಳೆಯುವುದನ್ನು ಕಲಿಯೋಣ. ನಾಳೆ ಮನೆಯಿಂದ ಹೊರಡುವಾಗ ತಾವೆಲ್ಲರೂ ಒಮ್ಮೆ ನೆಲದ ಕಡೆಗೆ ನೋಡಬೇಕೆಂದು ಕೋರುತ್ತೇವೆ. ನೆರಳು ಗಿಡ್ಡವಾಗಿದ್ದರೆ, ದಯವಿಟ್ಟು ಒಳಕ್ಕೆ ಹಿಂದಿರುಗಿ ಕೊಡೆಯನ್ನು ತೆಗೆದುಕೊಂಡು ಬನ್ನಿರಿ.